ಮೂವರು ಪಂಡಿತರು, ಒಂದು ಡಬ್ಬಿ ಮೊಸರನ್ನ

ಆಗಸ್ಟ್ 4, ಸೋಮವಾರ, ಸಂಜೆ

ಎಪ್ಪಿಂಗ್‌ನ ಚೈಲ್ಡ್‌ಕೇರ್‌ನಲ್ಲಿ ತರಬೇತಿ ಪ್ಲೇಸ್‌ಮೆಂಟಿನ ಮೂರನೇ ವಾರ. ಇವತ್ತೂ ಮೂಗು ಒರೆಸಿದ್ದೇ ಒರೆಸಿದ್ದು. ಡಿಪ್ಲೊಮಾ ಅಸೈನ್‌ಮೆಂಟ್ ಬೇರೆ: ಒಂದು ಮಗುವನ್ನು ಗಮನಿಸಿ, ಮಕ್ಕಳ ಬೆಳವಣಿಗೆಯ ಮೂರು ಸಿದ್ಧಾಂತಗಳನ್ನು ಹೋಲಿಸಬೇಕು. ಆದ್ಯಾಳನ್ನು ಆರಿಸಿಕೊಂಡೆ. ಮೂರು ವರ್ಷ, ಹೊಸದಾಗಿ ಸೇರಿದವಳು. ಊಟದ ಡಬ್ಬಿ ಮುಂದಿಟ್ಟುಕೊಂಡು ಕೂರುತ್ತಾಳೆ, ಮುಟ್ಟುವುದಿಲ್ಲ. ಮನೆಯಲ್ಲಿ ಅಮ್ಮ ನಿಖಿತಾ ತಿನ್ನಿಸುತ್ತಾರಂತೆ. ಅವರು ಮ್ಯಾಕ್ವೆರಿ ಪಾರ್ಕ್‌ನ ಆಫೀಸಿನಿಂದ ಬರುವಾಗ ಆರು ಗಂಟೆ. ಅಲ್ಲಿಯವರೆಗೆ ನೀರು, ಎರಡು ಬಿಸ್ಕತ್ತು. ನೋಡಿದರೆ ಕರುಳು ಚುರ್ರೆನ್ನುತ್ತದೆ.

ಆಗಸ್ಟ್ 5

ತಡೆಯಲಾಗಲಿಲ್ಲ. ಕೈ ತೊಳೆದೆ, ಮೊಸರನ್ನ ಕಲಸಿದೆ, ತುತ್ತು ಮಾಡಿ ಬಾಯಿಗಿಟ್ಟೆ. ಡಬ್ಬಿ ಖಾಲಿ. ಗ್ಲೌಸ್ ನೆನಪೇ ಆಗಲಿಲ್ಲ. ತಲೆಯೆತ್ತಿದರೆ ಸೂಪರ್‌ವೈಸರ್ ಮೇಗನ್.

ಒಳಗೆ ಕರೆದು ಮೆತ್ತಗೇ ಹೇಳಿದರು: "ವಸಂತಾ, ವಿ ಡೋಂಟ್ ಹ್ಯಾಂಡ್-ಫೀಡ್ ಹಿಯರ್."

ಇನ್ನೊಮ್ಮೆ ನಿಯಮ ಮುರಿದರೆ ಪ್ಲೇಸ್‌ಮೆಂಟ್ ಫಾರ್ಮಿಗೆ ಸಹಿ ಹಾಕುವುದಿಲ್ಲವಂತೆ. ಸಹಿ ಇಲ್ಲದಿದ್ದರೆ ಡಿಪ್ಲೊಮಾ ಇಲ್ಲ, ಕೆಲಸವೂ ಇಲ್ಲ. ನಾಚಿಕೆಯಾಯಿತು. ಸಿಟ್ಟೂ ಬಂತು... ಮಗು ತಿಂದಿತ್ತಲ್ಲ.

ಆಗಸ್ಟ್ 7, ಟೂಂಗಾಬಿಯ ಮನೆ, ಬೆಳಿಗ್ಗೆ 6

ಅಸೈನ್‌ಮೆಂಟ್ ಟೇಬಲ್ ತುಂಬಿಸುತ್ತಿದ್ದೇನೆ: ಮೂವರು ಪಂಡಿತರು, ಮೂರು ಕಾಲಮ್ಮು. ಪಿಯಾಜೆ — ಮಗು ತಾನೇ ಮುಟ್ಟಿ, ಚೆಲ್ಲಿ ಕಲಿಯಬೇಕು. ಎರಿಕ್‌ಸನ್ — 'ನಾನೇ ಮಾಡ್ತೀನಿ' ಎನ್ನುವ ವಯಸ್ಸಿನಲ್ಲಿ ಅಡ್ಡ ಬಂದರೆ ಮಗು ತನ್ನ ಮೇಲೇ ಅನುಮಾನಪಡುತ್ತದೆ. ವೈಗೋಟ್‌ಸ್ಕಿ — ಇವತ್ತು ದೊಡ್ಡವರ ನೆರವಿನಿಂದ ಮಾಡಿದ್ದನ್ನು ನಾಳೆ ಒಂಟಿಯಾಗಿ ಮಾಡುತ್ತದೆ. ಇಬ್ಬರು ಮೇಗನ್ ಕಡೆ. ಮೂರನೆಯವರಾದರೂ ನನ್ನ ಕಡೆ ಎಂದು ಖುಷಿಪಟ್ಟೆ. ಮತ್ತೆ ಓದಿದೆ. ನೆರವು ಕೊಡುತ್ತಲೇ ಕೈ ಹಿಂದೆ ತೆಗೆಯಬೇಕು. ನಾನು ಡಬ್ಬಿ ಪೂರ್ತಿ ತಿನ್ನಿಸಿದ್ದೆ.

ಪ್ರಾಜೆಕ್ಟ್ ಮೇಲೆ ಮೆಲ್ಬರ್ನ್‌ಗೆ ಹೋಗಿರುವ ನಮ್ಮೆಜಮಾನರು, ಸುದರ್ಶನ್, ಫೋನ್ ಮಾಡಿದರು.

"ಹಸಿದಿತ್ತು, ತಿನ್ನಿಸ್ದೆ ಅಂತ ಬರಿ. ಮುಗೀತಲ್ಲ."

"ರೆಫರೆನ್ಸ್ ಯಾರ್ದು ಕೊಡ್ಲಿ? ನಿಮ್ಮಮ್ಮಂದಾ?"

"ಕೊಡು. ಏಳನೇ ಕ್ಲಾಸ್‌ವರೆಗೂ ತಿನ್ನಿಸಿದಾರೆ ನಂಗೆ."

ಆಗಸ್ಟ್ 11

ತಿನ್ನಿಸುವುದಿಲ್ಲ, ಪಕ್ಕದಲ್ಲಿ ಕೂತು ತಿಂದು ತೋರಿಸುತ್ತೇನೆ ಎಂದೆ. ಮೇಗನ್ ಒಪ್ಪಿದರು. ನನ್ನ ಊಟವೂ ಆದ್ಯಾಳ ಪಕ್ಕದಲ್ಲೇ, ಕೈಯಲ್ಲೇ. ನನ್ನ ಡಬ್ಬಿ, ನನ್ನ ಬಾಯಿ. ಅವಳು ನೋಡುತ್ತಲೇ ಇದ್ದಳು. ತಿನ್ನಲಿಲ್ಲ. ನಾನೂ ಅರ್ಧಕ್ಕೇ ಡಬ್ಬಿ ಮುಚ್ಚಿದೆ.

ಆಗಸ್ಟ್ 13

ಒಂದು ಬೆರಳು ಅದ್ದಿ ನೆಕ್ಕಿದಳು. ಅಷ್ಟೇ. ಟೇಬಲಿನಲ್ಲಿ ಯಾವ ಪಂಡಿತರ ಕಾಲಮ್ಮಿಗೆ ಹಾಕುವುದೋ ಗೊತ್ತಾಗಲಿಲ್ಲ.

ಆಗಸ್ಟ್ 19

ಪ್ಲೇಸ್‌ಮೆಂಟಿನ ಕೊನೆಯ ದಿನ. ಮೇಗನ್ ನನ್ನ ಫಾರ್ಮ್ ಹಿಡಿದು ಎದುರಿಗೇ ಕೂತಿದ್ದರು. ಆದ್ಯಾ ಕೈ ತೊಳೆದು ಬಂದಳು. ಡಬ್ಬಿ ತಾನೇ ತೆಗೆದಳು. ಐದೂ ಬೆರಳು ಅನ್ನದೊಳಗೆ. ಅರ್ಧ ಮೇಜಿನ ಮೇಲೆ. ಒಂದು ತುತ್ತು ತಿಂದಳು. ಇನ್ನೊಂದು. ಅಳು ಬಂತು ನನಗೆ, ತಡೆದುಕೊಂಡೆ. ಆಮೇಲೆ ಮತ್ತೊಂದು ತುತ್ತು ಕಟ್ಟಿ ನನ್ನ ಬಾಯಿಯ ಹತ್ತಿರ ತಂದಳು.

"ಓಪನ್, ಆಂಟಿ."

ಒಬ್ಬರ ಊಟ ಇನ್ನೊಬ್ಬರು ತಿನ್ನುವಂತಿಲ್ಲ. ಗೋಡೆಯ ಮೇಲೇ ಬರೆದಿದೆ. ಮೇಗನ್ ಇನ್ನೂ ಸಹಿ ಹಾಕಿರಲಿಲ್ಲ. ಮಗುವಿನ ಕೈ ಹಾಗೇ ಕಾಯುತ್ತಿತ್ತು.

ಬಾಯಿ ತೆರೆದೆ. ಉಪ್ಪು ಸ್ವಲ್ಪ ಕಡಿಮೆ. ಮೇಗನ್ ನೋಡಿದರು. ಫಾರ್ಮ್ ಇನ್ನೂ ನನ್ನ ಕೈಗೆ ಬಂದಿಲ್ಲ. ಬರದಿದ್ದರೂ ಆ ತುತ್ತು ಬೇಡ ಎನ್ನಲು ನನ್ನಿಂದ ಆಗುತ್ತಿರಲಿಲ್ಲ.