ಕತ್ತರಿಸಿ ತೆಗೆದ ಒಂಬತ್ತು ನಿಮಿಷ

ಕೀವ್
14 ಅಕ್ಟೋಬರ್ 2018

ಪ್ರೀತಿಯ ಸೊಲ್ಯಾ,

ನಿನ್ನ ಕಾಗದ ಬಂದು ಏಳು ವಾರವಾಯಿತು. ಉತ್ತರ ಬರೆಯಲು ಕೂತದ್ದು ಇದು ನಾಲ್ಕನೆಯ ಸಲ. ಮೊದಲ ಮೂರೂ ಚಳಿಯ ಸುದ್ದಿಯಲ್ಲೇ ನಿಂತುಹೋದವು, ಹರಿದು ಹಾಕಿದೆ. ತಡವಾಯಿತೆಂದು ಅಣ್ಣನ ಮೇಲೆ ಮುನಿಸಿಕೊಳ್ಳಬೇಡ. ನಿನ್ನ ಮಂಡಿನೋವು ಇಳಿದಿದೆ ಎಂದು ಓದಿ ಸಮಾಧಾನವಾಯಿತು. ಪೋಲೆಂಡಿನ ವೈದ್ಯರು ಕೊನೆಗೂ ಏನೋ ಮಾಡಿದರಲ್ಲ. ನಾನು ಚೆನ್ನಾಗಿದ್ದೇನೆ. ರಕ್ತದೊತ್ತಡದ ಮಾತ್ರೆ ನುಂಗುತ್ತೇನೆ, ಲಿಫ್ಟ್ ಕೆಟ್ಟಿರುವುದರಿಂದ ಐದು ಮಹಡಿ ಹತ್ತುತ್ತೇನೆ. ಎರಡರಲ್ಲಿ ಯಾವುದು ನನ್ನನ್ನು ಉಳಿಸಿದೆಯೋ ಗೊತ್ತಿಲ್ಲ.

ಮುಂದಿನ ತಿಂಗಳು ನನ್ನ ಮೊದಲ ಚಿತ್ರವನ್ನು ಇಲ್ಲಿ ಮತ್ತೆ ತೋರಿಸುತ್ತಾರೆ. ಮಗಳನ್ನು ಕರೆದುಕೊಂಡು ಬರುವುದಾಗಿ ಬರೆದಿದ್ದೀಯ. ಬಾ. ಆದರೆ ಬರುವ ಮೊದಲೇ ನಿನಗೆ ತಿಳಿದಿರಲಿ, ಈ ಸಲ ಚಿತ್ರದಲ್ಲಿ ಒಂಬತ್ತು ನಿಮಿಷ ಹೆಚ್ಚಿಗೆ ಇದೆ. ಆ ಒಂಬತ್ತು ನಿಮಿಷದಲ್ಲಿ ಅಪ್ಪನ ಹೆಸರು ಬರುತ್ತದೆ. ಇದು ಫೋನಿನಲ್ಲಿ ಹೇಳುವ ಮಾತಲ್ಲ. ನಿನಗೆ ಅರ್ಧ ಗೊತ್ತಿದೆ, ನಿನ್ನ ಮಗಳಿಗೆ ಏನೂ ಗೊತ್ತಿಲ್ಲ. ಆದ್ದರಿಂದ ಮೊದಲಿನಿಂದಲೇ ಬರೆಯುತ್ತೇನೆ, ಅವಳಿಗೂ ಓದಲು ಕೊಡು.

ಅಪ್ಪ ನ್ಯಾಯಾಧೀಶರಾಗಿದ್ದರು, ನಾನು ವಕೀಲನಾದೆ. ಇದರಲ್ಲಿ ನನ್ನ ಆಯ್ಕೆ ಎಂಬುದೇನೂ ಇರಲಿಲ್ಲ. ಇಪ್ಪತ್ತು ವರ್ಷ ಕೋರ್ಟು ಹತ್ತಿ ಇಳಿದೆ. ಕೆಟ್ಟ ವಕೀಲನೇನೂ ಆಗಿರಲಿಲ್ಲ. 2005ರಲ್ಲಿ ಸೂಖಿ ಯಾರ್ ಹಳ್ಳಿಯವರು ನನ್ನ ಬಳಿ ಬಂದರು. ಅವರ ದನ ಮೇಯುವ ಹುಲ್ಲುಗಾವಲನ್ನು ಯಾವುದೋ ಕಂಪನಿ ಉತ್ತು ಸೂರ್ಯಕಾಂತಿ ಬಿತ್ತಿಬಿಟ್ಟಿತ್ತು. ಅದು ಊರಿನದೇ ಎಂದು ಹೇಳಬಲ್ಲ ಮುಖ್ಯ ಸಾಕ್ಷಿ ಪರಸ್ಕಾ ಎಂಬ ಅರವತ್ತೇಳು ವರ್ಷದ ವಿಧವೆ.

ಹಳೆಯ ಬೇಲಿ ಎಲ್ಲಿತ್ತು ಎಂದು ಎದುರು ವಕೀಲ ಕೇಳಿದ. ಪರಸ್ಕಾ ತನ್ನ ಗಂಡ ಆ ಬೇಲಿ ಹಾಕಿದ ವರ್ಷದಿಂದ ಶುರುಮಾಡಿದಳು, ಅಲ್ಲಿಂದ ಅವನನ್ನು ಹಿಡಿದುಕೊಂಡು ಹೋದ ವರ್ಷಕ್ಕೆ ಬಂದಳು. ನ್ಯಾಯಾಧೀಶರು ತಡೆದು, ಹೌದು ಅಥವಾ ಇಲ್ಲ ಅಷ್ಟೇ ಹೇಳಿ ಎಂದರು. ಅವಳು ಬಾಯಿ ಮುಚ್ಚಿದಳು. ಸಾಕ್ಷಿ ಉತ್ತರಿಸಲಿಲ್ಲ ಎಂದು ದಾಖಲಾಯಿತು. ನಾವು ಸೋತೆವು. ಕೋರ್ಟಿನ ಮೆಟ್ಟಿಲ ಮೇಲೆ ಅವಳು ತಲೆಗೆ ಕಟ್ಟಿದ ವಸ್ತ್ರ ಸರಿಮಾಡಿಕೊಳ್ಳುತ್ತಾ ನನಗೆ ಅಂದಳು: “ಮೂವತ್ಮೂರು ವರ್ಷದ ಹಿಂದೆಯೂ ಇಂಥದ್ದೇ ಕೋಣೇಲಿ ಸುಮ್ನೆ ಕೂರ್ಸಿದ್ರು ವಕೀಲ್ರೇ. ಇವತ್ತೂ ಹಂಗೇ ಆಯ್ತು.”

ಮರುವರ್ಷ ಬೇಸಿಗೆಯಲ್ಲಿ ನಾನು ಒಂದು ಕ್ಯಾಮೆರಾ ಎರವಲು ತೆಗೆದುಕೊಂಡು ಅವಳ ಮನೆಗೆ ಹೋದೆ. ಅವಳ ಮಾತನ್ನು ಯಾರೂ ಮಧ್ಯೆ ತಡೆಯಬಾರದು ಎಂಬುದಷ್ಟೇ ತಲೆಯಲ್ಲಿತ್ತು. ಸಿನಿಮಾ ಎಂಬ ಶಬ್ದವೂ ಹೊಳೆದಿರಲಿಲ್ಲ. ಕಚೇರಿಯಲ್ಲಿ ನನ್ನ ಪಾಲುದಾರ ಹೆನ್ನಾದಿ, ಕೋರ್ಟಿನಲ್ಲಿ ಸೋತವನು ಪರದೆಯ ಮೇಲೆ ಗೆಲ್ಲಲು ಹೊರಟಿದ್ದಾನೆ ಎಂದು ಎಲ್ಲರೆದುರು ಆಡಿಕೊಂಡು ನಕ್ಕ. ಯರೀನಾ ಎಂಬ ಹುಡುಗಿ ಕ್ಯಾಮೆರಾ ಹಿಡಿದಳು. ಆಗ ತಾನೇ ಓದು ಮುಗಿಸಿದವಳು, ನನಗೆ ಹೆದರುವವಳಲ್ಲ. ಮೊದಲ ದಿನ ನಾನು ಪ್ರಶ್ನೆಗಳ ಪಟ್ಟಿ ತೆಗೆದದ್ದೇ, “ಪಾಟೀಸವಾಲು ಬೇಡ ಸಾರ್. ಅಜ್ಜಿ ಜೊತೆ ಬೀಟ್‌ರೂಟ್ ಸುಲೀರಿ,” ಎಂದಳು. ನಾನು ಸುಲಿದೆ. ನಾಲ್ಕು ದಿನ ಪರಸ್ಕಾಳ ಅಡಿಗೆಮನೆಯಲ್ಲಿ ಕೂತೆವು.

ಅವಳ ಗಂಡ ಒನುಫ್ರಿ ಶಾಲೆಯ ಮೇಷ್ಟ್ರು. ಆಗಿನ ಸರಕಾರ ನಿಷೇಧಿಸಿದ ಕೆಲವು ಪದ್ಯಗಳನ್ನು ಟೈಪು ಮಾಡಿ ಹಂಚಿದ್ದಕ್ಕೆ 1972ರಲ್ಲಿ ಏಳು ವರ್ಷದ ಶಿಕ್ಷೆಯಾಯಿತು. ನಾಲ್ಕನೆಯ ವರ್ಷ ಕೈದಿಗಳನ್ನು ದುಡಿಸುವ ಶಿಬಿರದಲ್ಲೇ ಸತ್ತ. ಎಲ್ಲಿ ಹೂಳಿದರೆಂದು ಯಾರೂ ಅವಳಿಗೆ ತಿಳಿಸಲಿಲ್ಲ. ಮೂರನೆಯ ದಿನ ಅವಳು ಕೈಕೆಲಸ ಬಿಟ್ಟು ನನ್ನನ್ನೇ ನೋಡಿದಳು.

“ಹೆಸರು ಕೇಳ್ದಾಗ್ಲೇ ಗೊತ್ತಾಯ್ತು, ನೀನು ಆ ಜಡ್ಜ್ ದೊರೊಶ್ ಮಗ ಅಂತ,” ಎಂದಳು. “ಶಿಕ್ಷೆ ಓದೋವಾಗ ನಿಮ್ಮಪ್ಪನ ಕೈಲಿದ್ದ ಹಾಳೆ ಅಲ್ಲಾಡ್ತಿತ್ತು. ಕೈ ನಡುಗೋ ಮನುಷ್ಯ ಯಾಕೆ ಓದ್ದ? ಅದೊಂದನ್ನ ಅವನ ಬಾಯಿಂದ್ಲೇ ಕೇಳ್ಬೇಕು. ಬೈಯೋಕಲ್ಲಪ್ಪ. ಬಂದು ಕೂತ್ರೆ ಈ ಬೀಟ್‌ರೂಟ್ ಹಾಕಿದ ಬೋರ್ಷ್ ಸಾರು ಒಂದು ಬಟ್ಲು ಬಡಿಸ್ತೀನಿ.”

ಹೀಗೆ ಒಂಬತ್ತು ನಿಮಿಷ. ಸಂಕಲನದ ಮೇಜಿನಲ್ಲಿ ನಾನು ಅದನ್ನು ತೆಗೆಸಿದೆ. ಅಪ್ಪನಿಗೆ ಆರೋಗ್ಯ ಸರಿಯಿಲ್ಲ ಎಂದು ಯರೀನಾಗೆ ಹೇಳಿದೆ. ಅಪ್ಪ ಆಗ ದಿನಾ ನದಿಯವರೆಗೆ ನಡೆದು ಬರುತ್ತಿದ್ದರು. ಅವಳು ವಾದಕ್ಕೆ ನಿಲ್ಲಲಿಲ್ಲ. “ಇದನ್ನ ತೆಗೆದ್ರೆ ಇದು ಚಿತ್ರ ಅಲ್ಲ ಸಾರ್, ವಕಾಲತ್ತು,” ಎಂದು ಹೇಳಿ ತೆಗೆದಳು.

ಆಮೇಲಿನದು ನಿನಗೆ ಗೊತ್ತು. ಏನನ್ನೂ ಮುಚ್ಚಿಡದ ಚಿತ್ರ ಎಂದು ಬರೆದು ಬಹುಮಾನ ಕೊಟ್ಟರು. ಸೂಖಿ ಯಾರ್‌ನ ಸಭಾಭವನದಲ್ಲಿ ತೋರಿಸಿದಾಗ ಪರಸ್ಕಾ ಮೊದಲ ಸಾಲಿನಲ್ಲಿ ಕೂತು ನೋಡಿದಳು. ಚೆನ್ನಾಗಿದೆ, ಸ್ವಲ್ಪ ಚಿಕ್ಕದಾಯಿತು ಎಂದಳು. ಬೇರೇನೂ ಕೇಳಲಿಲ್ಲ. ನಾನು ವಕೀಲಿ ಬಿಟ್ಟೆ. ಮುಚ್ಚಿದ ಸಕ್ಕರೆ ಕಾರ್ಖಾನೆಯ ಬಗ್ಗೆ, ರೈಲ್ವೆ ಗೇಟು ಕಾಯುವ ಹೆಂಗಸರ ಬಗ್ಗೆ, ಹೀಗೆ ಇನ್ನೂ ಆರು ಚಿತ್ರ ಮಾಡಿದೆ. ಜನ ನನ್ನೆದುರು ಸಲೀಸಾಗಿ ಮಾತಾಡುತ್ತಾರೆ ಎಂದು ಹೆಸರು ಬಂತು. ಅಪ್ಪ ಹೋದ ಮೇಲೆ, 2012ರಲ್ಲಿ, ಪರಸ್ಕಾಳೂ ತೀರಿಕೊಂಡಳು.

ಈಗ ಯಾಕೆ ಎಂದು ನೀನು ಕೇಳುತ್ತೀ. ದೊಡ್ಡ ಕಾರಣವೇನೂ ಇಲ್ಲ. ಕಳೆದ ವಸಂತದಲ್ಲಿ ಸಿನಿಮಾ ಶಾಲೆಗೆ ಪಾಠ ಹೇಳಲು ಹೋಗಿ ಈ ಚಿತ್ರ ತೋರಿಸಿದಾಗ ಒಬ್ಬ ವಿದ್ಯಾರ್ಥಿನಿ, “ಒಂದು ಶಾಟ್‌ನಲ್ಲಿ ಬೀಟ್‌ರೂಟ್ ಹಸಿ ಇದೆ, ಮುಂದಿನದ್ರಲ್ಲಿ ಬೆಂದಿದೆ. ಮಧ್ಯೆ ಏನಾಯ್ತು ಸಾರ್?” ಎಂದು ಕೇಳಿದಳು. ಹನ್ನೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಕ್ಯಾಸೆಟ್ಟು ಕೆಟ್ಟಿತ್ತು ಎಂದು ಅವಳಿಗೆ ಹೇಳಿದೆ. ಮನೆಗೆ ಬಂದು ಯರೀನಾಗೆ ಫೋನು ಮಾಡಿದೆ. ಕ್ಯಾಸೆಟ್ಟು ಅವಳ ಬಳಿ ಭದ್ರವಾಗಿತ್ತು.

ನೀನು ಸಿಟ್ಟಾಗಬಹುದು, ಆಗು. ಚಳಿಗಾಲದಲ್ಲಿ ಮಂಡಿಯೂರಿ ನಿನ್ನ ಸ್ಕೇಟಿನ ದಾರ ಬಿಗಿಯುತ್ತಿದ್ದ ಅಪ್ಪನೂ ನಿಜ, ಆ ಹಾಳೆ ಓದಿದ ದೊರೊಶ್ ಅವರೂ ನಿಜ. ಬಂದರೆ ನನ್ನ ಪಕ್ಕದಲ್ಲಿ ಕೂರು. ಬಾರದಿದ್ದರೂ ನೀನು ನನ್ನ ತಂಗಿಯೇ. ದೇವರು ನಿನ್ನನ್ನೂ ನಿನ್ನ ಮನೆಯವರನ್ನೂ ಕಾಯಲಿ, ಮಗುವಿಗೆ ಅವಳು ಬಯಸಿದ ಕಾಲೇಜು ಸಿಗಲಿ.

ನಿನ್ನ ಅಣ್ಣ,
ಸೆವೆರಿನ್

ತಾ.ಕ.: ಈ ಹಾಳೆಯನ್ನು ಮಗಳಿಗೆ ಕೊಡಬೇಡ. 2007ರಲ್ಲಿ ಅಪ್ಪ ಆ ಚಿತ್ರವನ್ನು ಟಿವಿಯಲ್ಲಿ ನೋಡಿದ್ದರು. ಮುಂದಿನ ಭಾನುವಾರ ನಾನು ಊಟಕ್ಕೆ ಹೋದಾಗ, ಕೋಟು ತೊಟ್ಟು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದರು. ಸೂಖಿ ಯಾರ್‌ಗೆ ಹೋಗುವ ಬಸ್ಸಿನ ಸಮಯ ವಿಚಾರಿಸಿ ಇಟ್ಟುಕೊಂಡಿದ್ದರು. “ಆ ಹೆಂಗಸು ನನ್ನ ಹೆಸರೇನಾದ್ರೂ ಎತ್ತಿದ್ಲೇನೋ?” ಎಂದರು. ಇಲ್ಲ ಎಂದೆ. “ಹಾಗಾದ್ರೆ ಮರೆತಿದ್ದಾಳೆ. ಮರೆತೋಳ ಮನೆಗೆ ಹೋಗಿ ನೆನಪು ಮಾಡಿಕೊಡೋದು ಎರಡನೇ ಶಿಕ್ಷೆ ಕೊಟ್ಟ ಹಾಗೆ,” ಎಂದು ಹೇಳಿ ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ಅಲ್ಲಿಂದ ಆ ಹಳ್ಳಿಗೆ ನಲವತ್ತು ನಿಮಿಷದ ದಾರಿ. ನನ್ನ ಕಾರು ಕೆಳಗೇ ನಿಂತಿತ್ತು. ನಾವು ಊಟಕ್ಕೆ ಕೂತೆವು.