ಮಣ್ಣಿನೊಳಗಿನ ಗಂಟೆ

ಮಾರ್ಚ್ 3, ಸೋಮವಾರ

ಬೆಳಗ್ಗೆಯಿಂದ ಗುಂಡಿಗೆ ಮಣ್ಣು ತುಂಬಿ ಬಡಿದದ್ದೇ ಬಡಿದದ್ದು. ತೋಳು ಬಿದ್ದುಹೋಗಿದೆ. ಗಂಟೆಯ ಅಚ್ಚು ಈಗ ಪೂರ್ತಿ ನೆಲದೊಳಗೆ. ಮೇಲೆ ಕಾಣುವುದು ಮೂರೇ ತೂತು — ನಡುವಿನದು ಕಂಚು ಹೊಯ್ಯಲು, ಆಚೀಚೆಯವು ಗಾಳಿ ಹೊರಬರಲು. ಗಾಳಿಯ ತೂತುಗಳಿಗೆ ಮಣ್ಣು ಬೀಳದಂತೆ ಬಟ್ಟೆಗೆ ಜೇಡಿ ಮೆತ್ತಿ ಬಿರಡೆ ಹಾಕಿದ್ದೇನೆ. ನಾಳೆ ಹೊಯ್ಯುವ ಮೊದಲು ಕೀಳಬೇಕು.

ನಾಳೆ! ನನ್ನ ಮೊದಲ ಗಂಟೆ! ಅಪ್ಪನ ಕೈ ನಡುಗಲು ಶುರುವಾದ ಮೇಲೆ ಅಚ್ಚು, ಅಳತೆ ಎಲ್ಲ ನಂದೇ. ಅಪ್ಪ ಖಡಾಖಂಡಿತವಾಗಿ ಹೇಳಿದ್ದಾರೆ, "ಇದು ಸರಿಯಾಗಿ ಬಂದ್ರೆ ಕುಲುಮೆ ನಿಂದು. ಬರ್ಲಿಲ್ಲ ಅಂದ್ರೆ ಆರಿಸ್ಬಿಡೋಣ." ಊಟ ಸೇರುತ್ತಿಲ್ಲ.

ಅಮ್ಮ ನಮ್ಮನ್ನು ಊಟಕ್ಕೆ ಕರೆಯುತ್ತಿದ್ದ ಕಂಚಿನ ಕೈಗಂಟೆಯೂ ನಾಳೆ ಕರಗಲು ಮೂಸೆಗೆ ಬೀಳುತ್ತದೆ. ಅವಳು ಮಣ್ಣಲ್ಲಿ ಮಲಗಿರುವ ಅಂಗಳದ ಚರ್ಚಿಗೇ ತಾನೆ ಈ ಗಂಟೆ. ಅಪ್ಪನೇ ಒರೆಸಿ ತಂದುಕೊಟ್ಟರು. ಒಮ್ಮೆ ಅಲ್ಲಾಡಿಸಿ ನೋಡಿದೆ. ಹೊಟ್ಟೆ ಹಸಿದಂತಾಯಿತು, ನಿಜವಾಗಿ!

ನಮ್ಮ ಯಜಮಾನರೂ ರಜೆ ಹಾಕಿದ್ದಾರೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು, ಆದ್ದರಿಂದ ಮನೆಯಲ್ಲಿ ಎಕ್ಸ್‌ರೇ ಸಾಹೇಬರು. ಭಾನುವಾರ ನನ್ನನ್ನು ಚರ್ಚಿನ ಗೇಟಿಗೆ ಬಿಟ್ಟು, ಒಳಗೆ ಬಾರದೆ ಗಾಡಿ ತಿರುಗಿಸುವವರು. "ನಂಗೆ ಮೂಳೆ ಮೇಲೂ ನಂಬಿಕೆ ಇಲ್ಲ ಕಣೇ, ಫಿಲ್ಮಲ್ಲಿ ಕಂಡ್ರೇ ಸರಿ" ಅನ್ನುವುದು ಅವರ ಹಳೇ ಜೋಕು. ಅವರಿಗೆ ಮತ್ತೆ ಮತ್ತೆ ಹೇಳಿದ್ದೇನೆ — ಮೂಸೆ ಖಾಲಿಯಾಗುವವರೆಗೆ ಯಾರೂ ಬಾಯಿ ಬಿಡಬಾರದು. ತಾತನ ಕಾಲದ ನಿಯಮ. ಕಂಚು ಒಳಗೆ ಇಳಿಯುವ ಸದ್ದು ಕಿವಿಗೆ ಬೀಳಬೇಕು, ಅದಕ್ಕೆ.

ಮಾರ್ಚ್ 4, ಮಂಗಳವಾರ, ಸಂಜೆ

ಹೊಯ್ದೆವು! ಎಂಥ ಬಣ್ಣ ಅದು... ಬರೆಯಲು ಬಾರದು. ಅಪ್ಪ ಬೆರಳೆತ್ತಿದರು, ಮೂಸೆ ಬಗ್ಗಿತು, ನೆಲದೊಳಗೆ ಗುಳುಗುಳು. ಬಲಗಡೆಯ ತೂತಿನಲ್ಲಿ ಕಂಚು ಉಕ್ಕಿ ಬಂತು. ತುಂಬಿತು ಅನ್ನುವುದಕ್ಕೆ ಅದೇ ಗುರುತು. ಕುಣಿಯುವುದೊಂದು ಬಾಕಿ.

ಎಡಗಡೆ ಬರಲಿಲ್ಲ.

ಬಿರಡೆ ಅಲ್ಲೇ ಇತ್ತು. ಬಲಗಡೆಯದನ್ನು ನಾನು ಕಿತ್ತಿದ್ದೆ. ಎಡಗಡೆಯದನ್ನು ಅಪ್ಪ ಕಿತ್ತಿರುತ್ತಾರೆ ಅಂತ ನಾನು, ನಾನು ಕಿತ್ತಿರುತ್ತೇನೆ ಅಂತ ಅಪ್ಪ. ಮಾತಿಲ್ಲದ ದಿನ, ಕೇಳುವುದು ಹೇಗೆ?

ಸಾಹೇಬರು ಮೆಲ್ಲಗೆ, "ನಾನು ನೋಡ್ದೆ."

"ಏನು ನೋಡಿದ್ರಿ?"

"ಬಿರಡೆ. ಹೊಯ್ಯೋಕೆ ಮುಂಚೆನೇ."

"ಮತ್ತೆ ಬಾಯಿ ಬಿಡೋಕೇನಾಗಿತ್ತು ರೀ!"

"ಬಾಯಿ ಬಿಟ್ರೆ ಹುಷಾರ್ ಅಂದಿದ್ದು ಯಾರು?"

ಮದುವೆಯಾದಾಗಿನಿಂದ ನನ್ನ ಒಂದು ಮಾತು ಕೇಳಿದವರಲ್ಲ. ಇವತ್ತೇ ಕೇಳಬೇಕಿತ್ತೇ! ಅಪ್ಪ ಗೋಡೆಗೆ ಒರಗಿ ನಕ್ಕರು ನೋಡಿ — ನನಗೂ ತಡೆಯಲಾಗಲಿಲ್ಲ. ನಗುತ್ತ ನಗುತ್ತ ಅತ್ತುಬಿಟ್ಟೆ.

ಮಾರ್ಚ್ 5

ಎಡಗಡೆ ಗಾಳಿ ಸಿಕ್ಕಿಕೊಂಡಿದ್ದರೆ ಒಳಗೆ ಪೊಳ್ಳು. ಪೊಳ್ಳಿದ್ದರೆ ಸೀಳು. ಇಲ್ಲದೆಯೂ ಇರಬಹುದು. ಒಂದು ವಾರ ತಣಿಯುವ ತನಕ ತಿಳಿಯುವ ದಾರಿಯೇ ಇಲ್ಲ. ಬಿಸಿ ಇರುವಾಗ ಅಗೆದು ಗಾಳಿ ತಾಗಿಸಿದರೆ, ಚೆನ್ನಾಗಿರುವ ಗಂಟೆಯೂ ಬಿರಿಯುತ್ತದೆ.

ಹಿತ್ತಲಲ್ಲಿ ಸಾಕ್ಷಿ ಇದೆಯಲ್ಲ. ಅಪ್ಪ ಹರೆಯದಲ್ಲಿ ತಡೆಯಲಾರದೆ ಅಗೆದು ತೆಗೆದ ಗಂಟೆ. ಬಡಿದರೆ ಮಡಕೆಯಂತೆ ಟಪ್ ಅಂದು ಅಲ್ಲೇ ನಿಲ್ಲುತ್ತದೆ. ಒಳ್ಳೆಯ ಗಂಟೆಯಾದರೆ ಕೈ ತೆಗೆದ ಮೇಲೂ ನಾದ ಉಳಿಯಬೇಕು. ಅಮ್ಮ ಅದನ್ನು ಬೋರಲು ಹಾಕಿ, ತರಕಾರಿ ಹೆಚ್ಚಲು ಪೀಠ ಮಾಡಿಕೊಂಡಿದ್ದಳು. ಅಪ್ಪನಿಗೆ ಸಿಟ್ಟು ಬಂದಾಗೆಲ್ಲ ಅದನ್ನೇ ಬೆರಳಲ್ಲಿ ತಟ್ಟಿ ತೋರಿಸುವಳು!

ಸಾಹೇಬರದು ಹೊಸ ಐಡಿಯಾ, "ಆಸ್ಪತ್ರೆ ಮಶೀನು ತಂದ್ಬಿಡ್ಲಾ?" ನೆಲಕ್ಕೇ ಎಕ್ಸ್‌ರೇ ಅಂತೆ. ಹೋಗ್ರೀ.

ಮಾರ್ಚ್ 8, ಶನಿವಾರ, ಮಧ್ಯಾಹ್ನ

ಸುಳ್ಳು ಯಾಕೆ ಬರೆಯಲಿ. ಅಪ್ಪ ಮಲಗಿದ್ದರು. ಗುದ್ದಲಿ ತೆಗೆದುಕೊಂಡು ಹೋದೆ. ಎಡಗಡೆ ಒಂಚೂರು, ಗಂಟೆಯ ತಲೆ ಕಂಡರೆ ಸಾಕು... ಮಣ್ಣು ಇನ್ನೂ ಬೆಚ್ಚಗಿತ್ತು. ಕೆದಕುತ್ತಿದ್ದಂತೆ ಹಿಂದಿನಿಂದ ಸಾಹೇಬರ ದನಿ.

"ಅಗಿ ಅಗಿ. ನೋಡೇಬಿಡೋಣ."

ಅವರು ಬೇಡ ಅಂದಿದ್ದರೆ ಅಗೆಯುತ್ತಿದ್ದೆನೋ ಏನೋ! ಅಗಿ ಅಂದಾಗ ಕೈ ನಿಂತಿತು. ನಾನು ನೋಡಿದೆ ಅಂತ ಒಳಗಿರುವುದು ಬದಲಾಗುತ್ತದೆಯೇ? ನಾಲ್ಕು ದಿನದಿಂದ "ಪ್ರಭುವೇ, ನಿನ್ನ ಕೈಲಿಟ್ಟಿದ್ದೇನೆ" ಅಂತ ಪ್ರಾರ್ಥನೆ ಮಾಡಿ, ಈಗ ಅವನ ಮುಷ್ಟಿ ಬಿಡಿಸಿ ನೋಡಲು ಹೊರಟಿದ್ದೇನೆ. ನಾಚಿಕೆಯಾಯಿತು.

"ಬೇಡ ರೀ. ಮುಚ್ಚಿಬಿಡೋಣ."

"ನಿಜವಾಗ್ಲೂ? ನಿಂಗೆ ನೋಡ್ಬೇಕು ಅನಿಸ್ತಿಲ್ವಾ?"

"ಪ್ರಾಣ ಹೋಗ್ತಿದೆ. ಆದ್ರೂ ಬೇಡ."

ಸಾಹೇಬರು ಮಂಡಿಯೂರಿ, ಮಗುವಿಗೆ ಹೊದಿಸುವಂತೆ ಮಣ್ಣು ಎಳೆದು ತಟ್ಟಿದರು. ತಾವೇ!

ಮಾರ್ಚ್ 9, ಭಾನುವಾರ

ಚರ್ಚಿನ ದಾರಿಯಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ನಾನೇ ಕೇಳಿದೆ, "ಗಂಟೆ ಚೆನ್ನಾಗೇ ಇರುತ್ತೆ ಅಂತ ನಿಮಗೆ ನಂಬಿಕೆ ಇದೆಯಾ ಅಪ್ಪಾ?"

"ಗಂಟೇನ ಯಾಕಮ್ಮ ನಂಬ್ಲಿ? ಒಡೆದಿದ್ರೂ ಒಡೆದಿರಬಹುದು. ನಾನು ನಂಬಿರೋದು ಆತನನ್ನ. ನಿಮ್ಮಮ್ಮನ್ನ ಮಣ್ಣಿಗಿಟ್ಟ ದಿನ ನಂಗೆ ಏನು ಕಾಣ್ತಿತ್ತು ಹೇಳು? ಏನೂ ಇಲ್ಲ. ಆದ್ರೂ ಅವಳು ಆತನ ಹತ್ರ ಇದ್ದಾಳೆ, ಅಷ್ಟೇ. ಈ ಗಂಟೆ ಅದಕ್ಕಿಂತ ದೊಡ್ಡದಾ?"

ಇಷ್ಟು ದಿನ ನಾನು ನಂಬಿಕೆ ಅಂದುಕೊಂಡದ್ದು ಬರೀ ಆಸೆ! ಗಂಟೆ ಸರಿಯಿದ್ದರೆ ದೇವರಿದ್ದಾನೆ ಅನ್ನುವ ಲೆಕ್ಕ. ಹಗುರವಾಗಿಬಿಟ್ಟೆ. ಹಾಡುವಾಗ ದನಿ ಹೆಚ್ಚಾಗಿ ಮುಂದಿನ ಬೆಂಚಿನವರು ತಿರುಗಿ ನೋಡಿದರು. ನೋಡಲಿ.

ಆರಾಧನೆ ಮುಗಿದು ಬಂದರೆ ಎಕ್ಸ್‌ರೇ ಸಾಹೇಬರು ಬಾಗಿಲ ಒಳಗೇ, ಕಂಬಕ್ಕೆ ಒರಗಿ! "ಹೊರಗೆ ಬಿಸಿಲು ಕಣೇ, ಅದಕ್ಕೆ" ಅಂದರು. ಮೋಡ ಕವಿದಿತ್ತು.

ಮಾರ್ಚ್ 12, ಬುಧವಾರ, ಮಧ್ಯಾಹ್ನ

ಹೊರಗೆ ಬಂತು! ಬೆಳಗ್ಗೆಯಿಂದ ಮೂವರೂ ಅಗೆದು, ಸರಪಳಿ ಹಾಕಿ ಎತ್ತಿದೆವು. ಈಗ ತೊಲೆಯಿಂದ ತೂಗುತ್ತಿದೆ, ಮೈಯೆಲ್ಲ ಸುಟ್ಟ ಜೇಡಿ. ತಲೆಯ ಮೇಲಿನ ನೇತುಹಾಕುವ ಬಳೆಗಳಲ್ಲಿ ಎಡಗಡೆಯದು ಅರ್ಧವೇ ತುಂಬಿದೆ. ಅಪ್ಪ ಬೆರಳಾಡಿಸಿ, "ಉಳಿದವೇ ಸಾಕು ಹೊರೋಕೆ. ಒಳಗಿನ ವಿಷಯ ಬಾರಿಸಿದ ಮೇಲೆ" ಅಂದರು. ಮರದ ಸುತ್ತಿಗೆಯನ್ನು ನನ್ನ ಮಡಿಲಲ್ಲಿ ಇಟ್ಟಿದ್ದಾರೆ.

ಸಾಹೇಬರು ಬ್ರಶ್ ಹಿಡಿದು ಜೇಡಿ ಉಜ್ಜುತ್ತಿದ್ದಾರೆ. ನಾನು ಅಮ್ಮನ ಪೀಠದ ಮೇಲೆ, ಆ ಸೀಳಿದ ಗಂಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬಾರಿಸುವ ಮೊದಲೇ ಬರೆದಿಡಬೇಕು, ಆಮೇಲೆ ಬರೆದರೆ ಅದು ನಂಬಿಕೆಯಲ್ಲ, ವರದಿ. ಪ್ರಭುವೇ, ಇದು ಟಪ್ ಅಂದರೂ ನೀನು ಇದ್ದೀಯ. ಕುಲುಮೆ ಆರಿದರೂ ಇದ್ದೀಯ. ಅಮ್ಮ ನಿನ್ನ ಹತ್ತಿರ ಇದ್ದಾಳೆ. ಭಯವಿಲ್ಲ, ಈಗಲೇ ಎದ್ದು ಓಡಬೇಕು ಅನ್ನುವಷ್ಟು ಸಂತೋಷ —

ಅಯ್ಯೋ! ಬ್ರಶ್ಶಿನ ಹಿಡಿ ತಾಗಿಸಿಬಿಟ್ಟರು! ಅಪ್ಪ ಕೈಯೆತ್ತಿ ನಿಂತಿದ್ದಾರೆ, ಮಾತಾಡಬೇಡಿ ಅಂತ. ಸಾಹೇಬರು ಬ್ರಶ್ ಕೆಳಗೆ ಬಿಟ್ಟು ನನ್ನ ಕಡೆ ನೋಡುತ್ತಿದ್ದಾರೆ, ಕಣ್ಣಲ್ಲಿ ನೀರು. ನಾದ ನಿಂತಿಲ್ಲ ಇನ್ನೂ. ಕೆಳಗೆ ಈ ಪೀಠವೂ ಗುಂಯ್‌ಗುಡುತ್ತಿದೆ. ಇನ್ನೂ ಇದೆ... ಇನ್ನೂ... ಅಮ್ಮನೇ ಊಟಕ್ಕೆ ಕರೆದ ಹಾಗೆ —