ಹಿಂಬೆಂಚಿನ ಪುಸ್ತಕ ಯಾರದು?

ಮಾರ್ಚ್ ೧೬, ಶನಿವಾರ

ಪುಟ್ಟಾ,

ನೀನು ಚೆನ್ನಾಗಿದ್ದೀಯ ಅಂತ ನಂಬಿಕೊಂಡೇ ಶುರು ಮಾಡುತ್ತೇನೆ. ನಿನ್ನ ಕಾಗದ ಬಂದು ಐದು ವಾರವಾಯಿತು. ತಡವಾದದ್ದಕ್ಕೆ ಜ್ವರ ಅನ್ನಬಹುದು, ಕೆಲಸ ಅನ್ನಬಹುದು, ಅನ್ನುವುದಿಲ್ಲ. ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಎದ್ದು ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ. "ಪಾತ್ರೆಗಳಿಗೆ ಇವತ್ತು ಏನು ಯೋಗ ಬಂತೋ" ಅಂದರು ನಿಮ್ಮಪ್ಪ. ಆ ಮನುಷ್ಯನಿಗೆ ಕೆಲಸದಿಂದ ನಿವೃತ್ತಿ ಆಯಿತು, ಬಾಯಿಗೆ ಆಗಲಿಲ್ಲ. ನನ್ನ ಮಂಡಿ ಹಾಗೇ ಇದೆ, ಮೆಟ್ಟಿಲು ಕಂಡರೆ ಬೈಯುತ್ತದೆ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು "ಆಯ್ತಮ್ಮ, ಇಡ್ತೀನಿ" ಅಂದರೆ ಮುಗಿಯಿತು. ಈ ಮಾತು ಅರ್ಧಕ್ಕೆ ನಿಲ್ಲಬಾರದು.

ನಮ್ಮ ಇಲಾಖೆಯ ಹೊಸ ನಿರ್ದೇಶಕರು ಹಿಂಬೆಂಚಿನ ಪುಸ್ತಕಗಳನ್ನು ಕೇಳಿದ್ದಾರೆ. ಹನ್ನೊಂದನ್ನೂ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರ ಮೇಜಿನ ಮೇಲೆ ಇರಬೇಕಂತೆ.

ಆ ಪುಸ್ತಕ ಎಂಥದ್ದು ಅಂತ ನಿನಗೆ ಹೇಳಬೇಕಿಲ್ಲ, ನೀನೂ ಒಂದನ್ನು ವರ್ಷವಿಡೀ ಚೀಲದಲ್ಲಿ ಹೊತ್ತವಳು. ಆದರೂ ಬರೆಯುತ್ತೇನೆ. ಬರೆದರೆ ನನಗೇ ಧೈರ್ಯ. ವಿದೇಶಿ ಭಾಷೆ ಕಲಿಸುವ ಹೊಸ ಶಿಕ್ಷಕರ ತರಗತಿಗೆ ಮಾರ್ಗದರ್ಶಕಿಯಾಗಿ ಹೋಗಿ ನಾನು ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ಎಡಪುಟದಲ್ಲಿ ಕಂಡದ್ದನ್ನು ಬರೆಯುತ್ತೇನೆ. ಪಾಠ ಮುಗಿದ ಮೇಲೆ ಪುಸ್ತಕ ಅವರ ಕೈಗೆ. ಬಲಪುಟದಲ್ಲಿ ಅವರು ಉತ್ತರ ಬರೆಯುತ್ತಾರೆ: ಹೆದರಿಕೆ, ಸಿಟ್ಟು, ತಪ್ಪು, ನನಗೆ ಬೈಗುಳ, ಏನಾದರೂ. ನಕಲು ಇಟ್ಟುಕೊಳ್ಳುವುದಿಲ್ಲ. ಮುಖ್ಯೋಪಾಧ್ಯಾಯರಿಗೂ ತೋರಿಸುವುದಿಲ್ಲ. ಪುಸ್ತಕ ಶಿಕ್ಷಕರದು. ಇದು ಯಾವ ಸುತ್ತೋಲೆಯಲ್ಲೂ ಇಲ್ಲ. ನಾವು ಕೊಟ್ಟ ಮಾತು, ಅಷ್ಟೇ. ಆ ಮಾತಿನ ಮೇಲೇ ಇಪ್ಪತ್ತು ವರ್ಷ ಈ ಕೆಲಸ ನಡೆದಿದೆ.

ಯಾರ ಬೆನ್ನಿಗೆ ಹೀಗೆ ನಿಲ್ಲಬೇಕಾಗಿದೆ ನೋಡು. ಎಲ್ಲ ಪ್ರೌಢಶಾಲೆಗಳಲ್ಲೂ ವಿದೇಶಿ ಭಾಷೆ ಕಡ್ಡಾಯ ಅಂತ ಆದೇಶ ಹೊರಡಿಸಿದರು, ಹುದ್ದೆ ಮಂಜೂರು ಮಾಡಲಿಲ್ಲ. ಹೊಲಿಗೆ ಹುದ್ದೆ ರದ್ದಾಯಿತು, ಹೊಲಿಗೆ ಟೀಚರನ್ನು ಹಿಡಿದು ಭಾಷಾ ಟೀಚರ್ ಮಾಡಿದರು. ಡ್ರಿಲ್ ಮೇಷ್ಟ್ರನ್ನೂ ಮಾಡಿದರು. ಹಳೇ ಸೇವೆ ಲೆಕ್ಕಕ್ಕಿಲ್ಲ, ಹೊಸದಾಗಿ ಒಂದು ವರ್ಷ ಪ್ರೊಬೇಷನ್. ತರಬೇತಿ ಎಷ್ಟು ದಿನ? ಹನ್ನೆರಡು. ನಾಯಿಗೆ "ಕೂರು" ಅಂತ ಕಲಿಸಲಿಕ್ಕೂ ಅದಕ್ಕಿಂತ ಹೆಚ್ಚು ದಿನ ಬೇಕು. ಹಣವಂತರ ಮಕ್ಕಳಿಗೆ ಆ ದೇಶದಲ್ಲೇ ಓದಿ ಬಂದವರು ಪಾಠ ಹೇಳುತ್ತಾರೆ. ಕೂಲಿಯವರ ಮಕ್ಕಳಿಗೆ ಹನ್ನೆರಡು ದಿನದ ಹೊಲಿಗೆ ಟೀಚರ್. ಆಮೇಲೆ ಫಲಿತಾಂಶ ಬರಲಿಲ್ಲ ಅಂತ ಅವಳನ್ನೇ ಗಲ್ಲಿಗೇರಿಸುವುದು. ಇದನ್ನು ಯೋಜನೆ ಅಂತ ಕರೆಯುತ್ತಾರೆ. ನಾನು ಮೋಸ ಅಂತ ಕರೆಯುತ್ತೇನೆ.

ಈಗ ಆ ಹೊಲಿಗೆ ಟೀಚರ್‌ದೇ ಚಿಂತೆ. ಅವಳ ತರಗತಿ ತಗಡಿನ ಮಾಡಿನ ಕೋಣೆ, ಐವತ್ತೆಂಟು ಮಕ್ಕಳು, ಒಂದು ಬೆಂಚಿಗೆ ನಾಲ್ವರು. ಹಳೇ ಪೇಪರಿನಲ್ಲಿ ಅಂಗಿ ಕತ್ತರಿಸಿ ಹಲಗೆಗೆ ಅಂಟಿಸಿದ್ದಳು. ಕಾಲರು, ತೋಳು, ಜೇಬು, ಗುಂಡಿ, ಒಂದೊಂದನ್ನೂ ಮುಟ್ಟಿ ಆ ಭಾಷೆಯಲ್ಲಿ ಹೇಳಿಸುತ್ತಿದ್ದಳು. ಮಧ್ಯದ ಸಾಲಿನಿಂದ ಒಬ್ಬ ಹುಡುಗಿ ಎದ್ದಳು.

"ಟೀಚರ್, ತೇಪೆಗೆ ಏನಂತಾರೆ?"

"ನಂಗೊತ್ತಿಲ್ಲ ಕಣೇ. ಡಿಕ್ಷನರಿ ತಗೊಂಬಾ, ಇಬ್ಬರೂ ಹುಡುಕೋಣ."

ಇಡೀ ಶಾಲೆಗೆ ಒಂದೇ ಡಿಕ್ಷನರಿ, ಅದೂ ರಟ್ಟು ಹೋದದ್ದು. ಹುಡುಗಿ ಹುಡುಕಿದಳು, ಓದಿದಳು, ಐವತ್ತೆಂಟು ಮಕ್ಕಳು ಬರೆದುಕೊಂಡರು. ಆ ತರಗತಿಯಲ್ಲಿ ಅರ್ಧದಷ್ಟು ಮಕ್ಕಳ ಮೈಮೇಲೆ ಆ ಪದ ಇತ್ತು, ಪುಟ್ಟಾ. ಎಡಪುಟದಲ್ಲಿ ಬರೆದೆ: "ನೀನು ಏಳು ಸಲ ಗೊತ್ತಿಲ್ಲ ಅಂದೆ. ಏಳು ಸಲವೂ ಮಕ್ಕಳೇ ಹುಡುಕಿದರು. ಬಿಡಬೇಡ ಇದನ್ನು." ಮುಂದಿನ ವಾರ ಹೋದಾಗ ಬಲಪುಟದಲ್ಲಿ ಅವಳ ಉತ್ತರ ಇತ್ತು: "ಎಂಟನೇ ಸಲ ನಾಚಿಕೆ ಆಯ್ತು ಮೇಡಂ. ಬಾಯಿಗೆ ಬಂದ ಪದ ಹೇಳಿಬಿಟ್ಟೆ. ಮಕ್ಕಳು ಅದನ್ನೇ ಬರ್ಕೊಂಡ್ರು. ಆ ದಿನ ಊಟ ಸೇರಲಿಲ್ಲ. ಮರುದಿನ ತಪ್ಪು ಹೇಳಿಕೊಟ್ಟೆ ಅಂತ ಒಪ್ಪಿಕೊಂಡು ತಿದ್ದಿಸಿದೆ."

ಇಂಥ ಶಿಕ್ಷಕಿ ಸಿಗಬೇಕಾದರೆ ಪುಣ್ಯ ಮಾಡಿರಬೇಕು. ಆದರೆ ಆ ಪುಟ ಕಚೇರಿಯವರ ಕೈಗೆ ಹೋಯಿತು ಅನ್ನು, ಅವರ ಕಣ್ಣಿಗೆ ಬೀಳುವುದು ಎರಡೇ ಸಾಲು: ವಿಷಯ ಗೊತ್ತಿಲ್ಲ, ಮಕ್ಕಳಿಗೆ ಸುಳ್ಳು ಹೇಳಿದ್ದಾಳೆ. ಅವಳ ಪ್ರೊಬೇಷನ್ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಓದುವ ಎರಡು ಮಕ್ಕಳು, ಬರುವುದು ಅವಳ ಸಂಬಳ ಒಂದೇ.

ಬುಧವಾರ ಶಾಲೆ ಬಿಟ್ಟ ಮೇಲೆ ಡ್ರಿಲ್ ಮೇಷ್ಟ್ರ ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿ ಹನ್ನೊಂದು ಶಿಕ್ಷಕರೂ ನಾನೂ ಸೇರಿದೆವು. ಕೂರಲು ಜಾಗವಿಲ್ಲ. ಗಾಳಿ ಹೋದ ಚೆಂಡುಗಳ ಮೂಟೆ ಮೇಲೆ ಕೂತು ಡ್ರಿಲ್ ಮೇಷ್ಟ್ರು ಶುರು ಮಾಡಿದರು.

"ನನ್ನ ಪುಸ್ತಕ ಬೇಕಾದ್ರೆ ಕೊಟ್ಬಿಡಿ ಮೇಡಂ. ಎಡಕ್ಕೆ ತಿರುಗು, ಬಲಕ್ಕೆ ತಿರುಗು, ನಿಲ್ಲು, ಓಡು. ನಂಗೆ ಬರೋದೇ ಅಷ್ಟು ಅಂತ ನೀವೇ ಬರ್ದಿದ್ದೀರಿ. ಸಾಹೇಬರಿಗೂ ಕವಾಯತು ಮಾಡಿಸ್ತೀನಿ."

"ನಿಮಗೆ ತಮಾಷೆ," ಅಂದಳು ಹೊಲಿಗೆ ಟೀಚರ್. "ನಾನು ಅದರಲ್ಲಿ ಮನಸ್ಸೇ ಬಿಚ್ಚಿಟ್ಟಿದ್ದೀನಿ."

"ತಮಾಷೆ ಮಾಡ್ದೆ ಅಳ್ಲಾ ಅಕ್ಕಾ? ನನ್ನ ಪುಸ್ತಕದಲ್ಲೂ ಇದೆ ಬಿಡಿ, ತೋರಿಸೋ ಹಾಗಿಲ್ಲದ್ದು."

ಅವಳು ನನ್ನ ಕಡೆ ತಿರುಗಿದಳು. "ಮೇಡಂ, ನೀವು ಹೇಳಿದ ಹಾಗೆ ಕೇಳ್ತೀನಿ. ಒಂದೇ ಮಾತು ಹೇಳಿ. ಇದುವರೆಗೆ ಯಾರ ಪುಸ್ತಕನಾದ್ರೂ ಆಚೆ ಹೋಗಿದೆಯಾ?"

ನಾನು "ಇಲ್ಲ" ಅಂದೆ.

ಆ ಒಂದು ಮಾತಿನ ಮೇಲೆ ಹನ್ನೊಂದೂ ಜನ ಸಹಿ ಹಾಕಿದರು. ಪುಸ್ತಕ ಕೊಡುವುದಿಲ್ಲ, ಏನು ಬಂದರೂ ಒಟ್ಟಿಗೆ ಎದುರಿಸುತ್ತೇವೆ ಅಂತ. ಮೊದಲ ಸಹಿ ಹೊಲಿಗೆ ಟೀಚರ್‌ದೇ.

ನಿನ್ನೆ ಆ ಕಾಗದ ಹಿಡಿದು ನಿರ್ದೇಶಕರ ಕೋಣೆಗೆ ಹೋದೆ. ಗೋಡೆ ತುಂಬ ಒಂದು ಪಟ್ಟಿ. ಶಿಕ್ಷಕರ ಹೆಸರುಗಳು, ಎದುರಿಗೆ ಖಾಲಿ ಚೌಕ. ಮೇಜಿನ ಮೇಲೆ ಕೆಂಪು, ಹಳದಿ, ಹಸಿರು ಪೆನ್ನುಗಳು. ಸಿಬ್ಬಂದಿ ಅವರಿಗೆ ಬಣ್ಣದ ಸಾಹೇಬ ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

"ಕೂತ್ಕೊಳ್ಳಿ ಮೇಡಂ," ಅಂದರು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. "ಇದು ಶಿಕ್ಷೆಗಲ್ಲ. ಬೆಂಬಲಕ್ಕೆ. ಯಾರಿಗೆ ಸಹಾಯ ಬೇಕು ಅಂತ ನಮಗೆ ಗೊತ್ತಾಗಬೇಡವೇ?"

"ಗೊತ್ತಾಗೋಕೆ ಪುಸ್ತಕ ಯಾಕೆ ಸಾರ್? ಡಿಕ್ಷನರಿ ಕೇಳಿ ಮೂರು ಅರ್ಜಿ ಹಾಕಿದ್ದೀನಿ. ತಿಂಗಳಿಗೊಂದು ದಿನ ಎಲ್ಲ ಶಿಕ್ಷಕರನ್ನೂ ಒಟ್ಟಿಗೆ ಬಿಡಿ, ಕಲಿಸ್ತೀನಿ ಅಂದೆ. ಅವೆಲ್ಲ ಯಾವ ಬಣ್ಣದಲ್ಲಿವೆ?"

"ನಿಮ್ಮ ನಾಲಿಗೆ ಇನ್ನೂ ಶಿಕ್ಷಕರ ಸಂಘದ ಕಾಲದ್ದೇ."

"ಆಗ ಮುಷ್ಕರಕ್ಕೆ ಸಂಬಳ ಕಟಾಯಿಸಿದ್ರಲ್ಲ, ಜೊತೆಗೆ ಅದನ್ನೂ ಕಟಾಯಿಸಬಹುದಿತ್ತು. ಮರೆತಿರಿ."

ನಕ್ಕರು. ಪೆನ್ನುಗಳನ್ನು ಸಾಲಾಗಿ ಜೋಡಿಸಿದರು. ಆಮೇಲೆ ನಗು ನಿಲ್ಲಿಸಿ, ದನಿ ತಗ್ಗಿಸಿ ಹೇಳಿದರು: "ಕೊಡಲ್ಲ ಅಂತ ಸಹಿ ಹಾಕಿಸ್ಕೊಂಡು ಬಂದಿದ್ದೀರಿ. ಸರಿ. ಸೋಮವಾರ ಹತ್ತಕ್ಕೆ ಸಭೆ ಕರೀತೀನಿ, ಆ ಹನ್ನೊಂದು ಜನರ ಮುಂದೆ ನಾನೂ ಒಂದು ಪುಸ್ತಕ ತೆಗೀಬೇಕಾಗುತ್ತೆ. ಎಡಪುಟದ ಅಕ್ಷರ ನಿಮ್ಮದೇ. ಎರಡು ದಿನ ಟೈಮಿದೆ, ಯೋಚನೆ ಮಾಡಿ."

ಯಾವ ಪುಸ್ತಕ ಅಂತ ನಾನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಮಂಡಿಯ ನೋವು ನೆನಪಿಗೇ ಬರಲಿಲ್ಲ. ಕೆಳಗೆ ಹೊಲಿಗೆ ಟೀಚರ್ ಕಾಯುತ್ತಿದ್ದಳು. "ಏನಂದ್ರು ಮೇಡಂ?" "ಸೋಮವಾರ ನೋಡೋಣ ಅಂದ್ರು" ಅಂದೆ. "ನೀವಿದ್ದೀರಲ್ಲ, ಸಾಕು" ಅಂದು ಬಸ್ಸು ಹತ್ತಿದಳು. ಆ ಮಾತು ಕಪಾಳಕ್ಕೆ ಬಿದ್ದ ಹಾಗಾಯಿತು.

ಪಾರ್ಸೆಲ್ ಕಚೇರಿಯಲ್ಲಿ ನಿನ್ನ ಕೆಲಸ ಹೇಗಿದೆ? ದಿನವಿಡೀ ಪರರ ವಿಳಾಸ ಓದಿ ಕಣ್ಣು ಉರಿಯುತ್ತದೆ ಅಂತ ಬರೆದಿದ್ದೆ. ಡಾಕ್ಟರಿಗೆ ತೋರಿಸು, ನಾಳೆ ನಾಡಿದ್ದು ಅನ್ನಬೇಡ. ಸಂಜೆ ಕೌಂಟರಿನ ಗೆಳತಿಗೆ ಆ ಭಾಷೆ ಹೇಳಿಕೊಡುತ್ತಿದ್ದೇನೆ ಅಂತ ನೀನು ಬರೆದದ್ದನ್ನು ನಿಮ್ಮಪ್ಪ ಮೂರು ಸಲ ಓದಿಸಿಕೊಂಡರು. ಹೊಟ್ಟೆ ತುಂಬ ಉಣ್ಣು. ಯಾರಿಗೂ ತಲೆ ಬಾಗಿಸಬೇಡ, ನನಗೂ. ನಿನ್ನ ಕೈಗೆ ನಿನಗೆ ಒಪ್ಪುವ ಕೆಲಸ ಸಿಗಲಿ, ನಿನ್ನ ಬೆನ್ನಿಗೆ ಮಾತು ತಪ್ಪದ ಜನ ಇರಲಿ. ತಾಯಿಯಾಗಿ ನಿನಗೆ ಹರಸುವುದು ಇಷ್ಟೇ.

ನಿನ್ನ
ಅಮ್ಮ

ಮರೆತದ್ದನ್ನು ಕೊನೆಗೆ ಸೇರಿಸುತ್ತಿರುವುದಲ್ಲ ಇದು. ಮೇಲಿನದ್ದೆಲ್ಲ ಇದನ್ನು ಬರೆಯಲು ಧೈರ್ಯ ಸಾಲದೆ ಸುತ್ತು ಬಂದದ್ದು.

ನಿರ್ದೇಶಕರ ಹತ್ತಿರ ಇರುವುದು ನಿನ್ನ ಪುಸ್ತಕ.

ಮೂರು ವರ್ಷದ ಹಿಂದೆ "ವಿಷಯದ ಮೇಲೆ ಹಿಡಿತವಿಲ್ಲ" ಅಂತ ನಿನ್ನನ್ನು ಪ್ರೊಬೇಷನ್ನಿನಲ್ಲೇ ಮನೆಗೆ ಕಳಿಸಿದರಲ್ಲ, ನಿಮ್ಮ ಮುಖ್ಯೋಪಾಧ್ಯಾಯರು ಕೆಟ್ಟ ವರದಿ ಬರೆದರು ಅಂತ ನೀನು ನಂಬಿದೆ. ಅವರಿಗೆ ನೀನು ಶಾಪ ಹಾಕಿದಾಗ ಪಕ್ಕದಲ್ಲಿ ಕೂತು ನಾನೂ ಹಾಕಿದೆ. ಆ ಮನುಷ್ಯ ಒಂದು ಅಕ್ಷರ ಬರೆದಿರಲಿಲ್ಲ. ಆಗ ಈ ಸಾಹೇಬರು ಶಿಕ್ಷಕರ ಕೈಪಿಡಿ ಸಮಿತಿಯಲ್ಲಿದ್ದರು. "ನಿಮ್ಮ ಒಂದು ಒಳ್ಳೇ ಪುಸ್ತಕ ಕೊಡಿ ಮೇಡಂ, ಮಾದರಿ ಅಂತ ಅಚ್ಚು ಹಾಕಿಸೋಣ" ಅಂದರು. ನಾನು ಉಬ್ಬಿದೆ. ನಾನು ಬರೆದದ್ದರಲ್ಲೆಲ್ಲ ನಿನ್ನದರಷ್ಟು ಚೆನ್ನಾಗಿ ಬೇರೆ ಯಾವುದನ್ನೂ ಬರೆದಿರಲಿಲ್ಲ. ಅದನ್ನು ಮೇಜಿನ ಮೇಲಿಟ್ಟು ನೀನು ಸ್ನಾನಕ್ಕೆ ಹೋಗಿದ್ದೆ. ಹೆಸರಿದ್ದ ರಕ್ಷಾಪುಟ ಕಿತ್ತು ಕೊಟ್ಟೆ. ಒಳಪುಟಗಳಲ್ಲಿ ನಿನ್ನ ಶಾಲೆ, ತರಗತಿ, ತಾರೀಕು ಎಲ್ಲ ಇತ್ತು; ಯಾರದೆಂದು ತಿಳಿಯಲು ಅವರಿಗೆ ಎಷ್ಟು ಹೊತ್ತು? "ಗೊತ್ತಿಲ್ಲ ಅನ್ನುವ ಧೈರ್ಯ ಇವಳಿಗಿದೆ" ಅಂತ ನಾನು ಹೆಮ್ಮೆಯಿಂದ ಬರೆದ ಸಾಲಿನಲ್ಲಿ "ಗೊತ್ತಿಲ್ಲ" ಅನ್ನುವುದರ ಕೆಳಗೆ ಮಾತ್ರ ಗೆರೆ ಎಳೆದು ನಿನ್ನ ಕಡತಕ್ಕೆ ಸೇರಿಸಿದರು. ಕೈಪಿಡಿ ಅಚ್ಚಾಗಲೇ ಇಲ್ಲ. ನೀನು ಮನೆಯೆಲ್ಲ ಹುಡುಕಿದೆ. ನಾನೂ ನಿನ್ನ ಜೊತೆ ಮಂಚದ ಕೆಳಗೆ ಬಗ್ಗಿ ನೋಡಿದೆ, ಪುಟ್ಟಾ. ಅಷ್ಟು ದೂರ ಹೋದೆ ನಾನು.

ಸಾಹೇಬರು ಬಾಯಿ ಬಿಡುವ ಮೊದಲು ನಾನೇ ಎದ್ದು ಆ ಹನ್ನೊಂದು ಜನರಿಗೆ ಹೇಳುತ್ತೇನೆ. ನನ್ನನ್ನು ಬಿಟ್ಟು ಹೋಗುತ್ತಾರೋ, ಹೋಗಲಿ. ಪುಸ್ತಕ ಮಾತ್ರ ಕೊಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಆದರೆ ಹೋದ ಪುಸ್ತಕ ಯಾರದು ಅಂತ ಹೇಳಲು ನಿನ್ನ ಒಪ್ಪಿಗೆ ಬೇಕು. ನಿನ್ನದನ್ನು ನಿನ್ನನ್ನು ಕೇಳದೆ ಇನ್ನೊಂದು ಸಲ ಯಾರಿಗೂ ಕೊಡುವುದಿಲ್ಲ. ನೀನು ಬೇಡ ಅಂದರೆ ಹೆಸರೆತ್ತದೆ ಹೇಳುತ್ತೇನೆ, ಎಷ್ಟೇ ಕೆದಕಿದರೂ ಬಾಯಿ ಬಿಡುವುದಿಲ್ಲ.

ಕಾಗದವನ್ನು ನಿಮ್ಮ ಪಾರ್ಸೆಲ್ ಗಾಡಿಗೇ ಹಾಕುತ್ತಿದ್ದೇನೆ. ಸೋಮವಾರ ಎಂಟಕ್ಕೆ ನಿನ್ನ ಕೌಂಟರಿಗೆ ಬರುತ್ತದಂತೆ. ಸಭೆ ಹತ್ತಕ್ಕೆ. ನಡುವೆ ಎರಡು ಗಂಟೆ ಇದೆ. ಫೋನ್ ಕೈಯಲ್ಲೇ ಹಿಡಿದುಕೊಂಡಿರುತ್ತೇನೆ, ಬೈಯಲಿಕ್ಕಾದರೂ ಮಾಡು.